ಬೋರಿಬಂದರದ ಏಡಿ

ಮುಂಬೈಯ ಬೋರಿಬಂದರ ಸ್ಟೇಷನ್ನಿನಲ್ಲಿ ಅಪ್ಪ ನನಗೆ ಏಡಿ ತೋರಿಸಿದಾಗ ನನಗೆ ಒಂಬತ್ತು ವರ್ಷ. ಅಜ್ಜಿಯನ್ನು ಸೊಲ್ಲಾಪುರದ ಗಾಡಿಗೆ ಹತ್ತಿಸಲು ಡೊಂಬಿವಲಿಯಿಂದ ಬಂದಿದ್ದೆವು. ಗಾಡಿ ಇನ್ನೂ ಪ್ಲಾಟ್‌ಫಾರ್ಮಿಗೆ ಹಚ್ಚಿರಲಿಲ್ಲ. ಅಜ್ಜಿ ಟ್ರಂಕಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಅಷ್ಟರಲ್ಲಿ ಖಾಲಿ ಡಬ್ಬಿಗಳ ಉದ್ದನೆಯ ಸಾಲನ್ನು ಎಳೆದುಕೊಂಡು ಒಂದು ಎಂಜಿನ್ ನಿಧಾನವಾಗಿ ಒಳಗೆ ಬಂತು.

"ನೋಡೋ ತಮ್ಮಾ, ಏಡಿ ಬಂತು" ಅಂದ ಅಪ್ಪ.

ಎಂಜಿನ್ನಿಗೆ ಹಿಂದೆ ಮುಂದೆ ಎರಡು ಉದ್ದನೆಯ ಮೂತಿ, ನಡುವೆ ಮನೆಯಂಥ ಒಂದು ಕ್ಯಾಬಿನ್. ತಲೆಯ ಮೇಲೆ ತಂತಿ ಮುಟ್ಟುವ ಕೈ. ಕರೆಂಟಿನ ಎಂಜಿನ್ ಅಂತ ಅದರಿಂದಲೇ ಗೊತ್ತಾಗುತ್ತಿತ್ತು. ಆದರೆ ಕೆಳಗೆ, ಚಕ್ರಗಳ ಹತ್ತಿರ, ಉಗಿಬಂಡಿಗೆ ಇರುವಂಥ ದಪ್ಪ ಕಬ್ಬಿಣದ ತೋಳುಗಳು ಮೇಲೆ ಕೆಳಗೆ ಆಡುತ್ತಿದ್ದವು. ಎರಡೂ ಕಡೆ. ಸರ್‌ರ್, ಸರ್‌ರ್ ಅಂತ ಸದ್ದು. ಮಳೆಗಾಲದಲ್ಲಿ ಊರ ಹಳ್ಳದ ಕಲ್ಲಿನ ಮೇಲೆ ಏಡಿ ಸರಿದಾಡುತ್ತದಲ್ಲ, ಥೇಟ್ ಹಾಗೆ. ಎಂಜಿನ್ ಬಫರ್ ತನಕ ಬಂದು ನಿಂತಿತು. ತೋಳುಗಳು ನಿಂತವು. ಸದ್ದು ಮಾತ್ರ ನಿಲ್ಲಲಿಲ್ಲ. ಒಳಗೆ ಯಾರೋ ಹೊಟ್ಟೆನೋವಿನಿಂದ ನರಳುತ್ತಿರುವ ಹಾಗೆ ಊಂ... ಅಂತ ಒಂದೇ ಸಮನೆ. ನಾನು ಅಜ್ಜಿಯ ಸೆರಗು ಹಿಡಿದುಕೊಂಡೆ. ಹತ್ತಿರ ಹೋಗಿ ನೋಡುವ ಆಸೆಯೂ ಇತ್ತು, ಹೆದರಿಕೆಯೂ ಇತ್ತು.

ಮುಂಬೈ ರೈಲ್ವೆಯವರು ಅದನ್ನು ಕರೆಯುತ್ತಿದ್ದದ್ದು ಖೇಕ್ಡಾ ಅಂತ. ಏಡಿ ಅನ್ನುವುದಕ್ಕೆ ಮರಾಠಿ ಮಾತು. ಕಾಗದದ ಮೇಲಿನ ಹೆಸರು ಬೇರೆ. ಬ್ರಿಟಿಷರ ಕಾಲದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯಲ್ಲಿ ಇಎಫ್/1, ಸ್ವಾತಂತ್ರ್ಯದ ನಂತರ ಡಬ್ಲ್ಯುಸಿಜಿ-1. ಆ ಹೆಸರುಗಳನ್ನು ನಾನು ಓದಿಕೊಂಡದ್ದು ಬಹಳ ತಡವಾಗಿ. ನನಗೆ ಅದು ಇವತ್ತಿಗೂ ಏಡಿಯೇ.

ನಾನೀಗ ಬೆಂಗಳೂರಿನ ಪೀಣ್ಯದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುತ್ತೇನೆ. ಸುಟ್ಟ ಮೋಟಾರ್ ಬರುತ್ತದೆ, ಬಿಚ್ಚುತ್ತೇವೆ, ಹಳೇ ತಾಮ್ರ ಕಿತ್ತು ಹೊಸದು ಸುತ್ತುತ್ತೇವೆ, ವಾರ್ನಿಶ್‌ನಲ್ಲಿ ಅದ್ದಿ ಓವನ್‌ನಲ್ಲಿ ಒಣಗಿಸುತ್ತೇವೆ. ಇಪ್ಪತ್ತೈದು ವರ್ಷಗಳಿಂದ ಇದೇ ಕೆಲಸ. ಅದಕ್ಕೇ ಇರಬೇಕು, ಹಳೇ ಎಂಜಿನ್ ಅಂದರೆ ಜನ ಹೊಗೆ ಉಗುಳುವ ಉಗಿಬಂಡಿಯನ್ನು ನೆನೆದರೆ ನನಗೆ ಈ ಏಡಿ ನೆನಪಾಗುತ್ತದೆ. ಅದರ ಹೊಟ್ಟೆಯಲ್ಲಿ ಇದ್ದದ್ದು ನಾನು ದಿನಾ ಕೈಯಾಡಿಸುವ ವಸ್ತುವೇ. ಗಾತ್ರ ಮಾತ್ರ ಬೇರೆ. ನನ್ನ ಅಂಗಡಿಗೆ ಬರುವ ಬೋರ್‌ವೆಲ್ ಮೋಟಾರ್ ಐದೋ ಏಳೂವರೆಯೋ ಎಚ್‌ಪಿ. ಏಡಿಯ ಒಂದೊಂದು ಮೋಟಾರ್ 650 ಎಚ್‌ಪಿ. ಅಂಥವು ನಾಲ್ಕು.

ಏಡಿ ಯಾಕೆ ಹುಟ್ಟಿತು ಅಂತ ತಿಳಿಯಬೇಕಾದರೆ ಘಾಟು ನೋಡಬೇಕು. ಮುಂಬೈಯಿಂದ ದಖ್ಖನ್ನಿಗೆ ಹತ್ತಲು ರೈಲಿಗೆ ಎರಡು ದಾರಿ. ಪುಣೆ ಕಡೆಗೆ ಭೋರ್ ಘಾಟ್, ಇಗತ್‌ಪುರಿ ಕಡೆಗೆ ಥಲ್ ಘಾಟ್. ಎರಡರಲ್ಲೂ 37ಕ್ಕೆ 1ರ ಏರು. ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲೆ. ಬೈಕಿಗೆ ಇದು ಲೆಕ್ಕಕ್ಕೇ ಇಲ್ಲ. ರೈಲಿಗೆ ಬೆಟ್ಟ ಹತ್ತಿದ ಹಾಗೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ, ಮೇಲೆ ಸಹ್ಯಾದ್ರಿಯ ಮಳೆ. ಭೋರ್ ಘಾಟಿನ ದಾರಿ 1863ರಲ್ಲಿ ತೆರೆಯಿತು. ಅಲ್ಲಿಂದ ಆರೇಳು ದಶಕ ಉಗಿಬಂಡಿಗಳು ಸಾಲು ಸುರಂಗಗಳಲ್ಲಿ ಹೊಗೆ ತುಂಬಿಸುತ್ತ, ಏದುಸಿರು ಬಿಡುತ್ತ ಹತ್ತಿದವು.

1925ರ ಫೆಬ್ರುವರಿ 3ರಂದು ಬೋರಿಬಂದರದಿಂದ ಕುರ್ಲಾಕ್ಕೆ ಹಾರ್ಬರ್ ಲೈನಿನಲ್ಲಿ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಹಸಿರು ನಿಶಾನೆ ತೋರಿಸಿದ್ದು ಬಾಂಬೆಯ ಗವರ್ನರ್ ಸರ್ ಲೆಸ್ಲಿ ವಿಲ್ಸನ್. ತಂತಿಯಲ್ಲಿದ್ದದ್ದು 1500 ವೋಲ್ಟ್ ಡಿಸಿ. ಆಮೇಲೆ ತಂತಿ ಕಲ್ಯಾಣ ದಾಟಿ ಘಾಟು ಹತ್ತಿತು. 1929–30ರ ಹೊತ್ತಿಗೆ ಪುಣೆಗೂ ಇಗತ್‌ಪುರಿಗೂ ಮುಟ್ಟಿತು. ಘಾಟಿನಲ್ಲಿ ಸಾಮಾನು ಗಾಡಿ ಎಳೆಯಲು ಬೇಕಾದ ಎಂಜಿನ್ನೇ ಏಡಿ. 1928ರಿಂದ ಒಟ್ಟು 41 ತಯಾರಾದವು. ಮೊದಲ ಹತ್ತು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್‌ನ ಎಸ್‌ಎಲ್‌ಎಂ ಕಾರ್ಖಾನೆಯಲ್ಲಿ, ಉಳಿದವು ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಲ್ಲಿ. ಕರೆಂಟಿನ ಸಾಮಾನು ಮೆಟ್ರೋಪಾಲಿಟನ್ ವಿಕರ್ಸ್‌ನದು. ಒಂದು ಎಂಜಿನ್ನಿಗೆ ಗವರ್ನರ್ ಸಾಹೇಬರದೇ ಹೆಸರು. ತೂಕ ಸುಮಾರು 125 ಟನ್. ವೇಗ ಗಂಟೆಗೆ 80 ಕಿಲೋಮೀಟರ್. ಓಡುವುದಕ್ಕಲ್ಲ, ಎಳೆಯುವುದಕ್ಕೆ ಹುಟ್ಟಿದ ಎತ್ತು ಅದು.

ಆ ತೋಳುಗಳ ಗುಟ್ಟು ನನಗೆ ಬಿಡಿಸಿ ಹೇಳಿದ್ದು ನಮ್ಮ ಚಾಳಿನ ಕಾಕಾ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಕಲ್ಯಾಣದಲ್ಲಿ ಡ್ರೈವರ್ ಆಗಿ ರಿಟೈರ್ ಆಗಿದ್ದರು. ಹುಡುಗನಾಗಿದ್ದಾಗ ಅಸಿಸ್ಟೆಂಟ್ ಆಗಿ ಸೇರಿ, ಏಡಿಯ ಮೇಲೇ ಘಾಟು ಕಲಿತವರು. ಅವರ ಮರಾಠಿ, ನಮ್ಮ ಗದಗಿನ ಕನ್ನಡ, ಎರಡೂ ಕಲಸಿ ನಮ್ಮ ಮಾತು. ಸಂಜೆ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಕೆಳಗೆ ಲೋಕಲ್ ಹೋಗುವುದು ಕಾಣುತ್ತಿತ್ತು. ಕಾಕಾ ಗಾಡಿ ನೋಡುತ್ತಿರಲಿಲ್ಲ. ಕಿವಿಗೊಟ್ಟು ಕೇಳುತ್ತಿದ್ದರು.

ಏಡಿಯ ಕೆಳಗೆ ಎರಡು ಬೋಗಿ (ಡಬ್ಬಿ ಅಲ್ಲ, ಚಕ್ರಗಳನ್ನು ಹಿಡಿದಿಡುವ ಚೌಕಟ್ಟು), ಒಂದೊಂದಕ್ಕೆ ಮೂರು ಜೋಡಿ ಚಕ್ರ. ಒಂದೊಂದು ಬೋಗಿಗೆ ಎರಡು ಮೋಟಾರ್. ಈಗಿನ ಎಂಜಿನ್‌ಗಳಲ್ಲಿ ಪ್ರತಿ ಜೋಡಿ ಚಕ್ರಕ್ಕೂ ಅದರದೇ ಮೋಟಾರ್ ಇರುವುದು ವಾಡಿಕೆ. 1928ರಲ್ಲಿ ಅಷ್ಟು ಬಲದ ಮೋಟಾರನ್ನು ಚಕ್ರಗಳ ನಡುವಿನ ಇಕ್ಕಟ್ಟಿಗೆ ಇಳಿಸುವುದು ಕಷ್ಟವಿತ್ತು. ಹಾಗಾಗಿ ಮೋಟಾರುಗಳನ್ನು ಮೇಲೆ, ಮೂತಿಯೊಳಗೆ ಕೂರಿಸಿದರು. ಅವೆರಡೂ ಹಲ್ಲುಚಕ್ರದ ಮೂಲಕ ಜಾಕ್‌ಶಾಫ್ಟ್ ಅನ್ನುವ ಒಂದೇ ದಪ್ಪ ಅಚ್ಚನ್ನು ತಿರುಗಿಸುತ್ತವೆ. ಆ ಅಚ್ಚಿಗೆ ಕಟ್ಟಿದ ರಾಡುಗಳು ಮೂರೂ ಜೋಡಿ ಚಕ್ರಗಳನ್ನು ಒಟ್ಟಿಗೆ ತಿರುಗಿಸುತ್ತವೆ. ಏಡಿಯ ಕಾಲುಗಳು ಅಂದರೆ ಇವೇ. ಮೂತಿಗಳು ನಡುವಿನ ಕ್ಯಾಬಿನ್ನಿಗೆ ಗಟ್ಟಿಯಾಗಿ ಅಂಟಿಕೊಂಡಿಲ್ಲ. ಘಾಟಿನ ತಿರುವಿನಲ್ಲಿ ಬೋಗಿಯ ಜೊತೆ ಅವೂ ಹೊರಳುತ್ತವೆ.

"ಈಗಿನ ಎಂಜಿನ್ ಮಳೆಯಲ್ಲಿ ಒಂದು ಚಕ್ರ ಜಾರಿಸುತ್ತದೆ. ಖೇಕ್ಡಾ ಜಾರಬೇಕು ಅಂದರೆ ಮೂರೂ ಜಾರಬೇಕು. ಅಷ್ಟು ಸುಲಭಕ್ಕೆ ಜಾರುತ್ತಿರಲಿಲ್ಲ" ಅನ್ನುತ್ತಿದ್ದರು ಕಾಕಾ. ಹೇಳುವಾಗ ಮೂರು ಬೆರಳು ಜೋಡಿಸಿ ಕುರ್ಚಿಯ ಹಿಡಿಯ ಮೇಲೆ ಒತ್ತುತ್ತಿದ್ದರು.

ಅವರು ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇಳಿಜಾರಿನ ಮಾತು. ಘಾಟು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅನ್ನುತ್ತಿದ್ದರು. ಲೋಣಾವಳಾದಿಂದ ಕರ್ಜತ್‌ಗೆ ಇಳಿಯುವ 28 ಕಿಲೋಮೀಟರಿನಲ್ಲಿ ಬರೀ ಬ್ರೇಕು ಒತ್ತಿ ಕೂತರೆ ಬ್ರೇಕ್ ಬಿಸಿಯಾಗುತ್ತದೆ, ಹಿಡಿತ ತಪ್ಪುತ್ತದೆ. ಮಂಕಿ ಹಿಲ್, ಠಾಕೂರ್‌ವಾಡಿಯಂಥ ಕಡೆ ಗಾಡಿ ನಿಲ್ಲಿಸಿ ಬ್ರೇಕ್ ಪರೀಕ್ಷೆ ಮಾಡುವ ಪದ್ಧತಿ ಬಂದದ್ದು ಅದಕ್ಕೇ. ತಪ್ಪಿಸಿಕೊಂಡ ಗಾಡಿಯನ್ನು ಹಿಡಿಯಲು ಏರಿನ ಮೇಲಕ್ಕೆ ಹೋಗುವ ಕ್ಯಾಚ್ ಸೈಡಿಂಗ್‌ಗಳೂ ಇವೆ. ಏಡಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಇಳಿಯುವಾಗ ಅದರ ಮೋಟಾರುಗಳೇ ಜನರೇಟರ್ ಆಗುತ್ತಿದ್ದವು. ಗಾಡಿಯ ಭಾರ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಮೋಟಾರನ್ನು ತಿರುಗಿಸುತ್ತದೆ, ಮೋಟಾರ್ ಕರೆಂಟು ಹುಟ್ಟಿಸಿ ತಂತಿಗೆ ವಾಪಸ್ ಕೊಡುತ್ತದೆ. ಹಾಗೆ ಕೊಡುವ ಹೊತ್ತಿಗೆ ಗಾಡಿಯ ಓಟಕ್ಕೂ ತಡೆ ಬೀಳುತ್ತದೆ. ಅದೇ ತಂತಿಯ ಕೆಳಗೆ ಆಗ ಇನ್ನೊಂದು ಗಾಡಿ ಹತ್ತುತ್ತಿದ್ದರೆ ಈ ಕರೆಂಟು ಅದಕ್ಕೆ.

ನಮ್ಮೂರ ಬಾವಿಯ ರಾಟೆಗೆ ಎರಡು ಕೊಡ ಇದ್ದವು. ಒಂದು ಇಳಿದರೆ ಇನ್ನೊಂದು ಏರುತ್ತಿತ್ತು. ಕಾಕಾ ಇದನ್ನು ವಿವರಿಸಿದಾಗ ನನಗೆ ಥಟ್ಟನೆ ಕಂಡದ್ದು ಆ ರಾಟೆ. ಘಾಟಿನ ತುಂಬ ತಂತಿಯ ಒಂದು ಹಗ್ಗ, ಅದರ ಎರಡು ತುದಿಗೆ ಎರಡು ಗಾಡಿ. ಮೋಟಾರಿನ ಕೆಲಸಕ್ಕೆ ನಾನು ಬಂದದ್ದಕ್ಕೆ ಕಾರಣ ಕೇಳಿದರೆ ಆ ಸಂಜೆಯ ಹೆಸರು ಹೇಳುತ್ತೇನೆ. ಇವತ್ತು ಎಲೆಕ್ಟ್ರಿಕ್ ಸ್ಕೂಟರ್ ಮಾರುವವರು ರೀಜನ್ ರೀಜನ್ ಅಂತ ಹೊಸ ವಿಷಯದ ಹಾಗೆ ಹೇಳುತ್ತಾರಲ್ವಾ, ಅದನ್ನು ಏಡಿ ಖಂಡಾಲಾದ ಮಳೆಯಲ್ಲಿ 1930ರಲ್ಲೇ ಮಾಡುತ್ತಿತ್ತು.

ನಾವು ಊರಿಗೆ ಹೋಗುತ್ತಿದ್ದದ್ದೂ ಅದೇ ಘಾಟು ಹತ್ತಿ. ಮೇ ತಿಂಗಳಲ್ಲಿ ಕಲ್ಯಾಣದಲ್ಲಿ ಗಾಡಿ ಹತ್ತುವುದು. ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಹಚ್ಚುವ ತನಕ ವಡಾಪಾವ್ ತಿನ್ನುವುದು. ಪುಣೆಯಲ್ಲಿ ತಂತಿ ಮುಗಿಯುತ್ತಿತ್ತು. ಅಲ್ಲಿ ಕರೆಂಟಿನ ಎಂಜಿನ್ ಬಿಚ್ಚಿ ಬೇರೆ ಎಂಜಿನ್ ಹಚ್ಚುತ್ತಿದ್ದರು. ಸೊಲ್ಲಾಪುರದಲ್ಲಿ ಇಳಿದು, ಗದಗಿನ ಮೀಟರ್‌ಗೇಜ್ ಗಾಡಿ. ಅಷ್ಟು ಹೊತ್ತಿಗೆ ಏಡಿಗಳು ಘಾಟಿನ ಕೆಲಸ ಬಿಟ್ಟಿದ್ದವು. ಅವಕ್ಕೆ ವಯಸ್ಸಾಗಿತ್ತು. ಹೊಸ ಎಂಜಿನ್‌ಗಳು ಬಂದಿದ್ದವು. ಏಡಿಗಳಿಗೆ ಮುಂಬೈ ಯಾರ್ಡಿನ ಶಂಟಿಂಗ್ ಕೆಲಸ ಕೊಟ್ಟಿದ್ದರು. ಖಾಲಿ ಡಬ್ಬಿ ತಂದು ಪ್ಲಾಟ್‌ಫಾರ್ಮಿಗೆ ಹಚ್ಚುವುದು, ಬಂದ ಡಬ್ಬಿ ಎಳೆದುಕೊಂಡು ಹೋಗುವುದು. ನಾನು ಕಂಡದ್ದು ಆ ವಯಸ್ಸಿನ ಏಡಿಯನ್ನು. ಕಾಕಾಗೆ ಇದು ಸಂಕಟದ ವಿಷಯ. ಘಾಟು ಹತ್ತಿದ ಎತ್ತಿಗೆ ಗಾಣ ಕಟ್ಟಿದ ಹಾಗಾಯಿತು ಅನ್ನುತ್ತಿದ್ದರು. ನಾನು ಹಾಗೆ ಅನ್ನಲಾರೆ. ಆ ಗಾಣ ಇಲ್ಲದಿದ್ದರೆ ಡೊಂಬಿವಲಿಯ ಒಬ್ಬ ಹುಡುಗ ಅದನ್ನು ನೋಡುತ್ತಲೇ ಇರಲಿಲ್ಲ.

90ರ ದಶಕದಲ್ಲಿ ಅದೂ ಮುಗಿಯಿತು. 41ರಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಒಂದು ದೆಹಲಿಯ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಒಂದು ಬೋರಿಬಂದರದಲ್ಲೇ ಇದೆ, ಅಂದರೆ ಈಗಿನ ಸಿಎಸ್‌ಎಂಟಿಯಲ್ಲಿ, 18ನೇ ಪ್ಲಾಟ್‌ಫಾರ್ಮಿನ ಕಡೆಯ ಹೆರಿಟೇಜ್ ಗಲ್ಲಿಯಲ್ಲಿ. ಉಳಿದವು ಗುಜರಿಗೆ. ನನ್ನ ಕಸುಬಿನ ಕಣ್ಣಿಂದ ನೋಡಿದರೆ ಕಾರಣ ಗೊತ್ತಾಗುತ್ತದೆ. ಉಗಿಬಂಡಿಯ ತುಂಬ ಇರುವುದು ಕಬ್ಬಿಣ. ಕರೆಂಟಿನ ಎಂಜಿನ್ನಿನ ಹೊಟ್ಟೆಯಲ್ಲಿ ಇರುವುದು ತಾಮ್ರ. ತಾಮ್ರದ ಬೆಲೆ ಗೊತ್ತಿದ್ದವನು ಅದನ್ನು ಸುಮ್ನೆ ನಿಲ್ಲಿಸಿಕೊಳ್ಳುವುದಿಲ್ಲ.

ಮೂರು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಹೋಗಿ ಗಲ್ಲಿಯ ಏಡಿಯನ್ನು ತೋರಿಸಿದೆ. ಬಣ್ಣ ಹಚ್ಚಿ ಚೆನ್ನಾಗಿ ನಿಲ್ಲಿಸಿದ್ದಾರೆ. ನಿಜವಾಗಿಯೂ ಸಂತೋಷವಾಯಿತು. ಬಗ್ಗಿ ಕೂತು ರಾಡಿನ ಕೀಲುಗಳನ್ನು ಹತ್ತಿರದಿಂದ ನೋಡಿದೆ. ಆಗ ಅಲ್ಲಿ ಕೈ ಇಟ್ಟರೆ ಕಪ್ಪು ಗ್ರೀಸು ಮೆತ್ತಿಕೊಳ್ಳುತ್ತಿತ್ತು. ಅಜ್ಜಿಯನ್ನು ಕಳಿಸಿ ಮನೆಗೆ ಬಂದ ದಿನ ನನ್ನ ಬಿಳಿ ಅಂಗಿಯ ತೋಳಿಗೆ ಅದು ಮೆತ್ತಿ, ಅವ್ವ ಸೀಮೆಎಣ್ಣೆ ಹಾಕಿ ತಿಕ್ಕಿದ್ದಳು. ಈಗ ಬೆರಳಿಗೆ ಸಿಕ್ಕಿದ್ದು ಬರೀ ಧೂಳು. ಕಿವಿ ಹಚ್ಚಿದೆ. ನರಳಾಟ ಇಲ್ಲ. ಪಕ್ಕದಲ್ಲಿ ಲೋಕಲ್‌ಗಳ ಅನೌನ್ಸ್‌ಮೆಂಟ್ ಕೇಳಿಸುತ್ತಿತ್ತು.

"ಇದು ಮತ್ತೆ ಓಡತ್ತಾ ಅಪ್ಪಾ?" ಅಂತ ಕೇಳಿದಳು ಮಗಳು.

ಆವತ್ತು ಅಲ್ಲಿ ನಿಂತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇಲ್ಲಿ ಕೊಡುತ್ತೇನೆ.

ಉಗಿಬಂಡಿ ತನ್ನ ಅನ್ನ ನೀರು ತಾನೇ ಹೊತ್ತು ತಿರುಗುತ್ತದೆ. ಬಾಯ್ಲರ್ ಸರಿ ಮಾಡಿ, ಕಲ್ಲಿದ್ದಲು ಹಾಕಿ, ನೀರು ತುಂಬಿಸಿದರೆ ಹಳಿ ಇರುವ ಕಡೆ ಓಡುತ್ತದೆ. 1855ರ ಫೇರಿ ಕ್ವೀನ್ ಎಂಜಿನ್ನನ್ನು 1997ರಲ್ಲಿ ಮತ್ತೆ ಓಡಿಸಿದ್ದು ಹಾಗೆಯೇ. ಕರೆಂಟಿನ ಎಂಜಿನ್ ಹಾಗಲ್ಲ. ಅದು ಅರ್ಧ ಯಂತ್ರ. ಇನ್ನರ್ಧ ತಲೆಯ ಮೇಲಿನ ತಂತಿ, ತಂತಿಯ ಆಚೆಯ ಸಬ್‌ಸ್ಟೇಷನ್, ಅದರ ಆಚೆಯ ಪವರ್‌ಹೌಸ್. ನಮ್ಮ ಮನೆಯಿಂದ ಒಂದು ಸ್ಟೇಷನ್ ಆಚೆ, ಠಾಕುರ್ಲಿಯಲ್ಲಿ, ರೈಲ್ವೆಯದೇ ಒಂದು ಪವರ್‌ಹೌಸ್ ಇತ್ತು. ಚೋಳಾ ಪವರ್‌ಹೌಸ್ ಅಂತ. ಘಾಟಿಗೆ ಕರೆಂಟು ಕೊಡಲೆಂದೇ ಜಿಐಪಿಯವರು ಕಟ್ಟಿಸಿದ್ದು. ಕಲ್ಲಿದ್ದಲು ಅಲ್ಲಿ ಉರಿಯುತ್ತಿತ್ತು, ಚಕ್ರ ಖಂಡಾಲಾದಲ್ಲಿ ತಿರುಗುತ್ತಿತ್ತು. ಅದು 80ರ ದಶಕದಲ್ಲಿ ನಿಂತುಹೋಯಿತು.

ಆಮೇಲೆ ತಂತಿಯೇ ಹೋಯಿತು. ದೇಶದ ಉಳಿದ ಕಡೆ 25,000 ವೋಲ್ಟ್ ಎಸಿ ಬಂದಮೇಲೆ ಮುಂಬೈಯ 1500 ವೋಲ್ಟ್ ಡಿಸಿ ದ್ವೀಪವಾಗಿ ಉಳಿದಿತ್ತು. ಒಂದೊಂದೇ ಭಾಗ ಬದಲಾಯಿಸುತ್ತ ಬಂದರು. ಕಡೆಯ ಡಿಸಿ ಲೋಕಲ್ 2016ರ ಏಪ್ರಿಲ್ 9ರ ರಾತ್ರಿ ಓಡಿತು. ಹಾರ್ಬರ್ ಲೈನಿನಲ್ಲಿ, ಕುರ್ಲಾದಿಂದ ಬೋರಿಬಂದರಕ್ಕೆ. 1925ರಲ್ಲಿ ಮೊದಲ ಗಾಡಿ ಹೊರಟದ್ದು ಎಲ್ಲಿಂದಲೋ, ಕಡೆಯ ಗಾಡಿ ವಾಪಸ್ ಬಂದು ಮುಟ್ಟಿದ್ದು ಅಲ್ಲಿಗೇ. ಈ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬದಲಾವಣೆ ಬೇಕಿತ್ತು, ಒಪ್ಪುತ್ತೇನೆ. 1500 ವೋಲ್ಟಿನಲ್ಲಿ ಅಷ್ಟು ಶಕ್ತಿ ಸಾಗಿಸಲು ಆಂಪಿಯರ್ ವಿಪರೀತ ಬೇಕು, ತಂತಿ ದಪ್ಪ ಬೇಕು, ಹೆಜ್ಜೆಹೆಜ್ಜೆಗೆ ಸಬ್‌ಸ್ಟೇಷನ್ ಬೇಕು. ಆದರೆ ಭಾರತೀಯ ರೈಲ್ವೆಯಲ್ಲಿ ಏಡಿ ಮುಟ್ಟಬಹುದಾದ ತಂತಿ ಆ ರಾತ್ರಿಯ ನಂತರ ಎಲ್ಲೂ ಉಳಿಯಲಿಲ್ಲ. ಈಗ ಅದರ ತಲೆಯ ಮೇಲೆ ಇರುವ ತಂತಿ ಮುಟ್ಟಿಸಿದರೆ ಸುಟ್ಟು ಹೋಗುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ಏಡಿಯ ದಾಯಾದಿಗಳಿವೆ. ಅಲ್ಲಿನವರು ಮೊಸಳೆ ಅನ್ನುತ್ತಾರೆ. ಅದೇ ಉದ್ದ ಮೂತಿ, ಅದೇ ರಾಡು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಗೆ ಪರದಾಡಿದ ಆ ದೇಶ ತನ್ನ ಹೊಳೆಗಳ ಕರೆಂಟಿನಿಂದ ಗೊಟ್‌ಹಾರ್ಡ್ ಘಾಟು ಹತ್ತಲು ಅವನ್ನು ಮಾಡಿಸಿತು. ನೂರು ವರ್ಷ ದಾಟಿದ ಒಂದು ಮೊಸಳೆಯನ್ನು ಎರ್ಸ್ಟ್‌ಫೆಲ್ಡ್ ಎಂಬ ಊರಿನಲ್ಲಿ ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡಿದ್ದಾರೆ. ಅವರು ಮುತುವರ್ಜಿ ವಹಿಸಿದ್ದು ಹೌದು. ಅದಕ್ಕಿಂತ ದೊಡ್ಡ ಕಾರಣ ತಂತಿ. ಅಂದು ಹಾಕಿದ 15,000 ವೋಲ್ಟೇ ಇಂದಿಗೂ ಅಲ್ಲಿನ ತಂತಿಯಲ್ಲಿ ಹರಿಯುತ್ತಿದೆ. ಮೊಸಳೆ ಬದುಕಿದೆ, ಯಾಕೆಂದರೆ ಅದರ ಹೊಳೆ ಬತ್ತಿಲ್ಲ.

ಹಾಗಾದರೆ ಏಡಿಯ ಕಥೆ ಮುಗಿಯಿತಾ? ನನ್ನ ಕಸುಬು ಹೇಳುವುದು ಬೇರೆ. ಏಡಿಯ ಹೊಟ್ಟೆಯಲ್ಲಿರುವಂಥ ಡಿಸಿ ಸೀರೀಸ್ ಮೋಟಾರ್ ಹೆಚ್ಚು ಹಟ ಮಾಡುವುದಿಲ್ಲ. ಬರೀ ತನ್ನ ಮೈ ಸರಿಸಿಕೊಳ್ಳಲು ಅದಕ್ಕೆ ಪೂರ್ತಿ 1500 ವೋಲ್ಟ್ ಬೇಕಿಲ್ಲ. ಅದಕ್ಕಿಂತ ತುಂಬ ಕಡಿಮೆ ವೋಲ್ಟೇಜಿನಲ್ಲಿ, ಸಪಾಟು ಹಳಿಯ ಮೇಲೆ, ಹಿಂದೆ ಡಬ್ಬಿ ಇಲ್ಲದೆ, ನಡೆಯುವ ಮನುಷ್ಯನ ವೇಗದಲ್ಲಿ ಹೋಗಲು ಸಾಧ್ಯ. ಸಮಸ್ಯೆ ಇರುವುದು ಇನ್ಸುಲೇಶನ್‌ನಲ್ಲಿ. ವರ್ಷಗಟ್ಟಲೆ ನಿಂತ ಮೋಟಾರ್ ಒಳಗೆ ತೇವ ಕುಡಿದಿರುತ್ತದೆ. ಮುಂಬೈಯ ಮಳೆಗಾಲ ಬೇರೆ. ತಾಮ್ರಕ್ಕೆ ಸುತ್ತಿದ ಹಳೇ ಪಟ್ಟಿ ಹಪ್ಪಳದ ಹಾಗೆ ಪುಡಿಯಾಗುತ್ತದೆ. ನನ್ನ ಅಂಗಡಿಗೆ ನಲವತ್ತು ವರ್ಷದ ಮೋಟಾರ್ ಬಂದರೆ ಮೊದಲು ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಚ್ಚುತ್ತೇನೆ. ಮುಳ್ಳು ಸೊನ್ನೆಯಲ್ಲೇ ಮಲಗಿದರೂ ಕೈಬಿಡುವುದಿಲ್ಲ. ಎರಡು ದಿನ ಹದವಾದ ಬಿಸಿಯಲ್ಲಿ ಒಣಗಿಸುತ್ತೇನೆ. ಎಷ್ಟೋ ಸಲ ಮುಳ್ಳು ಮೆಲ್ಲಗೆ ಏಳುತ್ತದೆ. ಅದು ಏಳುವುದನ್ನು ನೋಡುವಾಗ ಆಗುವ ಖುಷಿ ಇಪ್ಪತ್ತೈದು ವರ್ಷವಾದರೂ ಕಡಿಮೆಯಾಗಿಲ್ಲ.

ಹಾಗಾಗಿ ನನ್ನ ಆಸೆ ದೊಡ್ಡದೇನಲ್ಲ. ಉಳಿದಿರುವ ಏಡಿಗಳಲ್ಲಿ ಒಂದಕ್ಕೆ ತಲೆಯ ಮೇಲೆ ಸೂರು ಬೇಕು. ನಾಲ್ಕು ಮೋಟಾರಿನಲ್ಲಿ ಒಂದು ಬೋಗಿಯ ಎರಡನ್ನಾದರೂ ಇಳಿಸಿ, ಒಣಗಿಸಿ, ಬೇಕಾದರೆ ಹೊಸದಾಗಿ ಸುತ್ತಬೇಕು. ನೂರು ಮೀಟರ್ ಹಳಿ, ನೂರು ಮೀಟರ್ ತಂತಿ, ಎಸಿಯನ್ನು ಡಿಸಿ ಮಾಡುವ ಒಂದು ಸಣ್ಣ ರೆಕ್ಟಿಫೈಯರ್. ವರ್ಷಕ್ಕೊಂದು ದಿನ, ಫೆಬ್ರುವರಿ 3ಕ್ಕೆ, ಅದು ನೂರು ಮೀಟರ್ ಹೋಗಿ ನೂರು ಮೀಟರ್ ಬರಲಿ. ಆ ರಾಡುಗಳು ಆಡುವುದನ್ನು ಮಕ್ಕಳು ನೋಡಲಿ. ಕೆಲಸಕ್ಕೆ ಕೈ ಬೇಕಾದರೆ ನಾನು ಬರುತ್ತೇನೆ, ನನ್ನ ಅಂಗಡಿಯ ಹುಡುಗರನ್ನೂ ಕರೆದುಕೊಂಡು. ಕೂಲಿ ಬೇಡ.

ಅಲ್ಲಿಯ ತನಕ ನನ್ನ ಹತ್ತಿರ ಇರುವುದು ನಲವತ್ತು ಸೆಕೆಂಡಿನ ಒಂದು ರೆಕಾರ್ಡಿಂಗ್. 2009ರ ದೀಪಾವಳಿಗೆ ಡೊಂಬಿವಲಿಗೆ ಹೋಗಿದ್ದಾಗ ಕಾಕಾ ಹಾಸಿಗೆ ಹಿಡಿದಿದ್ದರು. ಮಾತು ಕಡಿಮೆಯಾಗಿತ್ತು. ಖೇಕ್ಡಾ ಹೇಗೆ ಕೂಗುತ್ತಿತ್ತು, ಒಮ್ಮೆ ಮಾಡಿ ತೋರಿಸಿ ಕಾಕಾ ಅಂದೆ. ಮೊಬೈಲ್ ದಿಂಬಿನ ಹತ್ತಿರ ಇಟ್ಟೆ. ಅವರು ಕಣ್ಣು ಮುಚ್ಚಿದರು. ಮೊದಲು ಊಂ ಅಂತ ನಿಂತ ಎಂಜಿನ್ನಿನ ನರಳಾಟ. ಆಮೇಲೆ ಒಂದು ಸಣ್ಣ "ಖಟ್", ಅದು ಎಂಜಿನ್ ಹೊರಡಿಸುವ ಹಿಡಿಯನ್ನು ಮೊದಲ ನಾಚ್‌ಗೆ, ಅಂದರೆ ಮೊದಲ ಮೆಟ್ಟಿಲಿಗೆ, ಎಳೆದದ್ದು. ಆಮೇಲೆ ನಾಲಿಗೆಯನ್ನು ಹಲ್ಲಿಗೆ ಹಚ್ಚಿ ಸರ್‌ರ್... ಸರ್‌ರ್... ನಿಧಾನವಾಗಿ ಶುರುವಾಗಿ ಬೇಗಬೇಗ. ಚಾದರದ ಮೇಲೆ ಅವರ ಮೂರು ಬೆರಳು ಒಟ್ಟಿಗೆ ಸುತ್ತುತ್ತಿದ್ದವು. ಅದು ರೆಕಾರ್ಡಿಂಗ್‌ನಲ್ಲಿ ಇಲ್ಲ, ನಾನು ನೋಡಿದ್ದು.

ಆಮೇಲೆ ಐದು ಫೋನ್ ಬದಲಾಯಿಸಿದ್ದೇನೆ. ಪ್ರತಿ ಸಲ ಮೊದಲು ಅದನ್ನೇ ಹೊಸ ಫೋನಿಗೆ ಹಾಕಿಕೊಳ್ಳುತ್ತೇನೆ. ಮೂವತ್ತನೇ ಸೆಕೆಂಡಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದೂ ಅದರಲ್ಲಿ ಸೇರಿಕೊಂಡಿದೆ. ಅದು ಕೂಗಿ ಮುಗಿಯುವ ತನಕ ಕಾಕಾ ತಡೆದರು, ಸಿಗ್ನಲ್‌ಗೆ ನಿಂತ ಹಾಗೆ. ಆಮೇಲೆ ಮತ್ತೆ ಹೊರಟರು.